ಪ್ಯಾಜಿ ಬಣ್ಣದ ಆಸ್ಟರ್

ಪಕ್ಕದ ಮನೆಯ ಅಂಗಳಕ್ಕೆ ಮೊನ್ನೆ ಫರಸಿ ಕಲ್ಲು ಹಾಸಿದರು. ಬೀದರದ ನಮ್ಮ ಚಿದ್ರಿಯಲ್ಲಿ ಈಗ ಎಲ್ಲರೂ ಹಾಸುತ್ತಾರೆ, ಕೆಂಪು ಮಣ್ಣು ಕಾಲಿಗೆ ಮೆತ್ತಿ ಮನೆಯೊಳಗೆ ಬರುತ್ತದೆ ಎಂದು. ಕಲ್ಲು ಕೂಡಿಸುವ ಮೊದಲು ಕೆಲಸದವರು ಮಣ್ಣು ಬಡಿಯುವ ಸಪ್ಪಳ ಬೆಳಗಿನಿಂದ ಸಂಜೆಯ ತನಕ ಕೇಳುತ್ತಿತ್ತು. ನಾನು ಕಿಟಕಿ ಹಾಕಿಕೊಂಡು ಕುಳಿತೆ. ಸಿಟ್ಟು ಬಂದಿತ್ತು, ಯಾರ ಮೇಲೆ ಅಂತ ಕೇಳಿದರೆ ಹೇಳಲಾರೆ. ಆ ಮಣ್ಣನ್ನು ಹದಕ್ಕೆ ತರಲು ಒಬ್ಬ ಮನುಷ್ಯ ವರ್ಷಗಟ್ಟಲೆ ಔರಾದ ತಾಲೂಕಿನಿಂದ ಕುರಿ ಹಿಕ್ಕಿ ಹೊತ್ತು ತಂದಿದ್ದರು. ಅವರು ಹೋಗಿ ಒಂದು ಮಳೆಗಾಲ ಕೂಡ ಪೂರ್ತಿ ಕಳೆದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಓಣಿಯವರೆಲ್ಲ ಕಂಡಕ್ಟರ್ ಸಾಹೇಬರು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ನಾನು ಭಾಲ್ಕಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು, ದಿನಾ ಬೀದರದಿಂದ ಬಸ್ಸಿನಲ್ಲಿ ಹೋಗಿ ಬರುವವಳು. ಅವರನ್ನು ಮೊದಲು ಕಂಡದ್ದು ಆ ಬಸ್ಸಿನಲ್ಲಿ, ಮೊದಲ ಮಾತೇ ಜಗಳ. ನನ್ನ ಸೀಟಿನ ಕೆಳಗೆ ಒಂದು ಚೀಲ ಇತ್ತು, ನಾತ ಹೊಡೆಯುತ್ತಿತ್ತು.

"ಏನ್ರಿ ಇದು?" ಅಂದೆ.

"ಹೂವಿನ ಊಟ ರೀ ಮೇಡಂ. ನಿಮ್ಮ ಡಬ್ಬಿ ನಿಮ್ಮ ಕೈಯಾಗದ, ಅವುಗಳ ಡಬ್ಬಿ ನಾ ಒಯ್ಲತ್ತೀನಿ" ಅಂದು, ಟಿಕೆಟ್ ಹರಿದು ಕೊಟ್ಟು, ಮುಂದೆ ಹೋದರು. ಹಿಂದಿನ ಬಾಗಿಲಲ್ಲಿ ಜನ ಒತ್ತುತ್ತಿದ್ದರೆ ಅವರದೊಂದೇ ಪಲ್ಲವಿ: "ಒಳಗ ಸರೀರಿ, ಜಾಗಾ ಅದ, ನಿಮ್ಮ ಮನಸ್ಸಿನ್ಯಾಗ ಇಲ್ಲ ಅಷ್ಟೇ." ಯಾರನ್ನೂ ಕೆಳಗೆ ಬಿಟ್ಟು ಹೋದವರಲ್ಲ. ಹತ್ತಿದವರು ಒಂಟಿ ಕಾಲಲ್ಲಿ ನಿಂತು ಭಾಲ್ಕಿ ಮುಟ್ಟುತ್ತಿದ್ದರು, ಶಾಪ ಹಾಕುತ್ತ ಇಳಿಯುತ್ತಿದ್ದರು, ಮರುದಿನ ಮತ್ತೆ ಅದೇ ಬಸ್ಸಿಗೆ ಬರುತ್ತಿದ್ದರು.

ಮುಂದೆ ನಾವು ಚಿದ್ರಿಯಲ್ಲಿ ಮನೆ ಕೊಂಡಾಗ, ಮೊದಲ ಬೆಳಿಗ್ಗೆ ಗೋಡೆಯ ಆಚೆ ಬನಿಯನ್ನಿನಲ್ಲಿ ನಿಂತು ಗಿಡಕ್ಕೆ ನೀರು ಹಾಕುತ್ತಿದ್ದವರು ಅವರೇ. ಆಯಿತು ನನ್ನ ಕಥೆ, ಇನ್ನು ಮೂಗು ಮುಚ್ಚಿಕೊಂಡೇ ಸಂಸಾರ ಅಂದುಕೊಂಡೆ.

ಆದರೆ ಅಂಗಳ ನೋಡಿ ನನ್ನ ಬಾಯಿ ಕಟ್ಟಿತು. ಬೀದರದ ಕಲ್ಲುಮಣ್ಣಿನಲ್ಲಿ ಅಷ್ಟು ಹೂ ನಾನು ಯಾರ ಮನೆಯಲ್ಲೂ ಕಂಡಿರಲಿಲ್ಲ. ಎಲ್ಲವೂ ಒಂದೇ ಹಂಗಾಮಿನವು: ಜೀನಿಯಾ, ಕಾಸ್ಮಾಸ್, ಗುಲ್‌ಮೆಹಂದಿ, ಗೋಡೆಯ ಬುಡಕ್ಕೆ ಹತ್ತು ಗಂಟೆಯ ಹೂ. ಬಿತ್ತಬೇಕು, ಅರಳಬೇಕು, ಒಣಗಬೇಕು, ಬೀಜ ಹಿಡಿದು ಮತ್ತೆ ಬಿತ್ತಬೇಕು. "ಒಂದು ಗುಲಾಬಿ ಇಡಬಾರದೇ, ಒಮ್ಮೆ ನೆಟ್ಟರೆ ಇರುತ್ತದೆ" ಎಂದೆ. "ಇದ್ದಲ್ಲೇ ಇರೋ ಮಂದಿ ನಮಗ ಒಗ್ಗಲ್ಲ ರೀ, ಹತ್ಬೇಕು, ಇಳೀಬೇಕು" ಅಂದರು. ಎತ್ತರದವನ್ನು ಹಿಂದೆ, ಗಿಡ್ಡದವನ್ನು ಮುಂದೆ ಕೂಡಿಸುತ್ತಿದ್ದರು. ಕಾಸ್ಮಾಸ್ ಮುಂದಕ್ಕೆ ಬಾಗಿದರೆ "ಹಿಂದ ಸರಿ ಮಾರಾಯಾ, ಸಣ್ಣವ್ರಿಗಿ ಗಾಳಿ ಬರವಲ್ದು" ಅಂತ ಕಡ್ಡಿ ಕೊಟ್ಟು ಕಟ್ಟುತ್ತಿದ್ದರು. ದೊಡ್ಡ ತೋಟಗಾರರೇನಲ್ಲ. ನೀರು ಹೆಚ್ಚು ಹಾಕಿ ಕೊಲ್ಲುತ್ತಿದ್ದರು, ಬೀಜ ದಟ್ಟವಾಗಿ ಚೆಲ್ಲುತ್ತಿದ್ದರು, ಮೊಳೆತ ಮೇಲೆ ಒಂದನ್ನೂ ಕೀಳಲು ಮನಸ್ಸು ಬಾರದೆ ಪರೇಶಾನ್ ಆಗುತ್ತಿದ್ದರು.

ಕೀಳುತ್ತಿದ್ದವಳು ಅವರ ಮಗಳು. ಒಬ್ಬಳೇ ಮಗಳು. ಇಲ್ಲೇ ಬೀದರದಲ್ಲಿ ತೋಟಗಾರಿಕೆ ಓದುತ್ತಿದ್ದಳು. ಸಂಜೆ ಕಾಲೇಜಿನಿಂದ ಬಂದು, ಚೂಡಿದಾರದ ತೋಳು ಮೇಲಕ್ಕೆ ಸರಿಸಿ, ಮಡಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಚಕಚಕ ಸಸಿ ತೆಗೆದು ಹಾಕುತ್ತಿದ್ದಳು. ಇವರು ಮುಖ ತಿರುವಿ ನಿಲ್ಲುತ್ತಿದ್ದರು.

"ಅಪ್ಪಾ, ಇದು ಬಸ್ ಅಲ್ಲ" ಅನ್ನುತ್ತಿದ್ದಳು ಅವಳು.

"ಅದೂ ಬದುಕೂದಕ್ಕೇ ಬಂದದಲ್ಲವ್ವಾ."

"ಎಲ್ಲಾನೂ ಬಿಟ್ರ ಒಂದೂ ಬದುಕಲ್ಲ."

ಸಾಹೇಬರು ಔರಾದ ತಾಲೂಕಿನ ಚಿಂತಾಕಿಯವರು, ಕುರಿ ಕಾಯ್ದ ಮನೆತನ. ಅವರಪ್ಪ ಸೊರಗಿದ ಮರಿಗಳನ್ನು ಆರಿಸಿ ಸಂತೆಗೆ ಹೊಡೆಯುವ ದಿನ ತಾನು ಕಣಿಕಿ ಬಣವೆಯ ಹಿಂದೆ ಅಡಗಿ ಕೂಡುತ್ತಿದ್ದೆ ಅಂತ ನನಗೆ ಹೇಳಿದ್ದರು. ಕುರಿ ಬಿಟ್ಟು ಬಸ್ಸಿಗೆ ಬಂದದ್ದೇ ಅದಕ್ಕಂತೆ.

ಒಂದು ಚಳಿಗಾಲ ಮಗಳು ಹಾಕಿದ ನೇರಳೆ ಆಸ್ಟರ್ ಸಾಲಿನಲ್ಲಿ ಒಂದೇ ಒಂದು ಗಿಡ ಬೇರೆ ಬಣ್ಣದಲ್ಲಿ ಅರಳಿತು. ಉಳ್ಳಾಗಡ್ಡಿಯ ಪದರು ಬಿಚ್ಚಿದಾಗ ಒಳಮೈಯಲ್ಲಿ ಕಾಣುತ್ತದಲ್ಲ, ಅಷ್ಟು ಎಳೆಯ ಕೆಂಪು, ಅಷ್ಟೇ ನೇರಳೆ. ನಮ್ಮ ಕಡೆ ಸೀರೆ ಅಂಗಡಿಯಲ್ಲಿ ಅದಕ್ಕೆ ಪ್ಯಾಜಿ ಅನ್ನುತ್ತಾರೆ. ಅವಳು ಆ ಗಿಡದ ಬೀಜವನ್ನು ಬೇರೆ ಹಿಡಿದಳು. ಮರುವರ್ಷ ಬಿತ್ತಿದರೆ ಕೆಲವು ಪ್ಯಾಜಿ ಬಂದವು, ಬಹಳಷ್ಟು ಮತ್ತೆ ನೇರಳೆ. ನೇರಳೆಯವನ್ನೆಲ್ಲ ಅರಳಿದ ದಿನವೇ ಕಿತ್ತಳು. ಅಪ್ಪನಿಗೆ ಪಾಠ ಹೇಳಿದ್ದನ್ನು ನಾನು ಗೋಡೆಯ ಈಚೆಯಿಂದ ಕೇಳಿದ್ದೇನೆ: "ತಪ್ಪು ಬಣ್ಣ ಕಂಡ್ರ ಅವತ್ತೇ ಕೀಳಬೇಕು ಅಪ್ಪಾ. ಪಾಪ ಅಂತ ಬಿಟ್ರ ಮುಂದಿನ ವರ್ಷ ಅದೇ ತುಂಬ್ತದ. ಎಲ್ಲಾ ಪ್ಯಾಜಿ ಬಂದ ವರ್ಷ ಇದಕ್ಕ ನಾ ಹೆಸರು ಇಡ್ತೇನಿ."

ಏನು ಹೆಸರು ಅಂತ ನಾವಿಬ್ಬರೂ ಕೇಳಿ ಕೇಳಿ ಸೋತೆವು. ಹೇಳಲಿಲ್ಲ ಹುಡುಗಿ.

ಆ ಮಳೆಗಾಲ ಡೆಂಗಿ ಜ್ವರ ಬಂದು, ವಾರ ತುಂಬುವುದರೊಳಗೆ ಹೋದಳು. ಅದರ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಅವಳ ತಾಯಿ, ನಾನು ವೈನಿ ಅಂತ ಕರೆಯುವವರು, ದೇವರಮನೆಯ ಜಗಲಿಯ ಮೇಲಿನ ದೇವರನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಹಾಕಿ ಕೀಲಿ ಜಡಿದರು. ಹೂವಿನ ಮಡಿಯ ಕಡೆ ಕಾಲಿಡಲಿಲ್ಲ. ಆ ಮನೆಯಲ್ಲಿ ಮಗಳ ಹೆಸರು ಎತ್ತುವುದು ನಿಂತಿತು. ಗಂಡ ಹೆಂಡತಿ ಪಲ್ಯ, ಹಾಲು, ಕರೆಂಟಿನ ಮಾತು ಆಡುತ್ತಿದ್ದರು, ಅಷ್ಟೇ.

ದಸರೆ ಹತ್ತಿರ ಬಂದಾಗ ಅವರು ಗೋಡೆಯ ಹತ್ತಿರ ಬಂದು ನಿಂತರು. ಗಡ್ಡ ಬಿಟ್ಟಿದ್ದರು.

"ಮೇಡಂ, ಆಸ್ಟರ್ ಬೀಜ ಒಂದ್ ವರ್ಷ ಬಿತ್ತದೇ ಬಿಟ್ರ ಸಾಯ್ತಾವ ಅಂತಿದ್ಳು ಅಕಿ. ಖರೆ ಏನ್ರಿ?"

ನಾನು ನಮ್ಮ ಶಾಲೆಯ ವಿಜ್ಞಾನದ ಮೇಷ್ಟರನ್ನು ಕೇಳಿ ಬಂದು, ಬಹುತೇಕ ಖರೆ ಅಂತ ಹೇಳಿದೆ.

"ಹಂಗಾರ ಹಾಕ್ಬೇಕಾಯ್ತು" ಅಂದರು, ಡ್ಯೂಟಿಗೆ ಹೋಗುವವರ ದನಿಯಲ್ಲಿ.

ಅಂದಿನಿಂದ ಉಳಿದ ಹೂಗಳೆಲ್ಲ ಹಿಂದೆ ಬಿದ್ದವು. ಪ್ರತಿ ಚಳಿಗಾಲ ಆಸ್ಟರ್ ಮೊಗ್ಗು ಬಿರಿಯುವ ಹೊತ್ತಿಗೆ ನನ್ನನ್ನು ಕರೆಯುತ್ತಿದ್ದರು. "ಬರ್ರಿ, ಇದು ಪ್ಯಾಜಿ ಹೌದೋ ಅಲ್ಲೋ ನೀವು ಹೇಳ್ರಿ. ನನ್ನ ಕಣ್ಣಿಗಿ ಇವು ಲಂಚಾ ಕೊಟ್ಟಾವ." ನಾನು ಅಲ್ಲ ಅಂದದ್ದನ್ನು ಕೀಳುತ್ತಿದ್ದರು. ಕಣ್ಣು ಒರೆಸಿಕೊಳ್ಳುತ್ತ ಕೀಳುತ್ತಿದ್ದರು, ಆದರೂ ಒಂದನ್ನೂ ಬಿಡಲಿಲ್ಲ. ವರ್ಷದಿಂದ ವರ್ಷಕ್ಕೆ ನೇರಳೆ ಕಡಿಮೆಯಾಗುತ್ತ ಬಂತು. ರಿಟೈರ್ ಆದ ವರ್ಷ ಮಡಿಯಲ್ಲಿ ಕೀಳುವಂಥವು ಒಂದೆರಡೇ ಇದ್ದವು. "ಮುಂದಿನ ಸಲ ಪೂರಾ ಬರ್ತದ. ಹೆಸರಿಂದೇನು ಮಾಡ್ಲಿ ಮೇಡಂ? ಅಕಿ ಹೇಳ್ದೇ ಹೋದಳು" ಅಂದರು.

ಮುಂದಿನ ಸಲ ಹೂ ಬೀಜ ಕಟ್ಟುವ ಹೊತ್ತಿಗೆ ಅಕಾಲ ಮಳೆ ಹಿಡಿಯಿತು. ಅರಳಿದ ಹೂವೆಲ್ಲ ಕಡ್ಡಿಯ ಮೇಲೆಯೇ ಕೊಳೆತವು. ಛತ್ರಿ ಹಿಡಿದು, ಪ್ಲಾಸ್ಟಿಕ್ ಹೊದಿಸಿ, ಹೈರಾಣಾಗಿ ಕೊನೆಗೆ ಅವರಿಗೆ ದಕ್ಕಿದ್ದು ಒಂದು ಚಿಟಿಕೆ ಬೀಜ. ಹಳೆಯ ಟಿಕೆಟ್ ಪೆಟ್ಟಿಗೆಯಲ್ಲಿ ಅದನ್ನಿಟ್ಟು ಬೇಸಿಗೆ ಇಡೀ ಕಾಯ್ದರು.

ಹೋದ ವರ್ಷ ನವರಾತ್ರಿಯ ಹಿಂದಿನ ದಿನ ಹಿತ್ತಲಿನ ನೆರಳಿನಲ್ಲಿ, ಹಳೆಯ ಕಬ್ಬಿಣದ ಅಗಲ ಪರಾತಿನಲ್ಲಿ ಮಣ್ಣು ಜರಡಿ ಹಿಡಿದು ಅಷ್ಟನ್ನೂ ಬಿತ್ತಿದರು. ಅರ್ಧ ತೆಗೆದಿಡಿ ಎಂದೆ. "ಇಟ್ರ ಸಾಯ್ತಾವಲ್ರಿ, ಯಾವದಕ್ಕ ಇಡ್ಲಿ" ಅಂದರು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಚಿಂತಾಕಿಗೆ ಹೋದರು, ಗೊಬ್ಬರ ತರಲು. ಹೆಂಡತಿಗೆ ಬೀಜದ ಮಾತು ಹೇಳಿರಲಿಲ್ಲ. ಮಗಳ ಹೂವಿನ ಮಾತು ಅವರು ಹೆಂಡತಿಯ ಮುಂದೆ ಎಂದೂ ಆಡಿದವರಲ್ಲ.

ನಮ್ಮ ಕಡೆ ನವರಾತ್ರಿಗೆ ದೇವಿ ಅಂಬಾಬಾಯಿಯ ಹೆಸರಿನಲ್ಲಿ ಘಟ ಕೂಡಿಸುತ್ತಾರೆ. ಪತ್ರಾವಳಿಯ ಮೇಲೆ ಒಳ್ಳೆಯ ಮಣ್ಣು ಹರಡಿ, ಅದರಲ್ಲಿ ಗೋಧಿ ಬಿತ್ತಿ, ನಡುವೆ ನೀರು ತುಂಬಿದ ಗಡಿಗೆ ಇಟ್ಟು ದೀಪ ಹಚ್ಚುತ್ತಾರೆ. ಕೂಡಿಸಿದ ಮೇಲೆ ದಸರೆಯ ತನಕ ಅದನ್ನು ಯಾರೂ ಅಲುಗಿಸುವಂತಿಲ್ಲ. ಸಸಿ ದಟ್ಟವಾಗಿ ಎದ್ದರೆ ಮನೆಗೆ ಒಳ್ಳೆಯದು, ಬಾಡಿದರೆ ಆ ಮನೆಯ ಹೆಂಗಸು ಅನ್ನ ಬಿಡುತ್ತಾಳೆ.

ಆ ಬೆಳಿಗ್ಗೆ ವೈನಿ ನನ್ನನ್ನು ಕರೆದರು. ತಲೆ ಮಿಂದು ಹಸಿರು ಸೀರೆ ಉಟ್ಟಿದ್ದರು. ಟ್ರಂಕಿನೊಳಗಿನ ದೇವರೆಲ್ಲ ಜಗಲಿಯ ಮೇಲೆ ಬಂದಿದ್ದವು, ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರಿಂದ ಹೊಳೆಯುತ್ತಿದ್ದವು. ಮುಂದೆ ಘಟ ಕೂತಿತ್ತು.

"ಯಾಕೋ ಇವತ್ತು ಅನಸ್ತು ರೀ ಮೇಡಂ. ಇನ್ನೆಷ್ಟು ದಿನ ಅಂಬಾಬಾಯಿ ಜೋಡಿ ಸಿಟ್ಟು ಮಾಡ್ಲಿ" ಅಂದರು. ಎಷ್ಟೋ ವರ್ಷಗಳ ಮೇಲೆ ಆ ಮುಖದಲ್ಲಿ ನಗು ಕಂಡೆ. "ಮಣ್ಣಿಂದೇ ಫಿಕೀರ್ ಆಗಿತ್ತು. ಹಿಂದ ಪರಾತದಾಗ ಹದಾ ಮಾಡಿ ಇಟ್ಟಿದ್ರು ನೋಡ್ರಿ ಅವ್ರು, ನನ್ನ ಸಲುವಾಗೇ ಇಟ್ಟಂಗ."

ನಾನು ಹಿತ್ತಲಿಗೆ ಹೋಗಿ ನೋಡಿದೆ. ಪರಾತು ತೊಳೆದು ಗೋಡೆಗೆ ಬೋರಲು ಹಾಕಿದ್ದರು.

ಅವರು ಮಧ್ಯಾಹ್ನ ಚೀಲ ಹೊತ್ತು ಬಂದರು. ಪರಾತು ನೋಡಿದರು, ಒಳಗೆ ಹೋಗಿ ಘಟ ನೋಡಿದರು, ಹೊರಗೆ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತುಬಿಟ್ಟರು. ನಾನೇ ಹೋಗಿ ವೈನಿಗೆ ಹೇಳುತ್ತೇನೆ, ಇವತ್ತಿನ್ನೂ ಮೊದಲ ದಿನ, ಮಣ್ಣು ಬದಲಿಸಿದರಾಯಿತು ಎಂದೆ. ಅವರು ನನ್ನ ಸೆರಗು ಹಿಡಿಯುವುದೊಂದು ಬಾಕಿ.

"ಬ್ಯಾಡ್ರಿ ಮೇಡಂ. ಕೈ ಮುಗೀತೇನಿ. ಅಕಿ ದೇವ್ರನ್ನ ಇವತ್ತು ಹೊರಗ ತೆಗದಾಳ. ಮಗಳ ಹೂವು ನಿನ್ನ ಕೈಯಿಂದೇ ಹೋಯ್ತು ಅಂತ ನಾ ಹ್ಯಾಂಗ ಹೇಳ್ಲಿ? ಹೇಳಿದ್ರ ಉಳೀತಾಳೇನ್ರಿ ಅಕಿ?"

"ಮತ್ತೆ ಏನು ಮಾಡುತ್ತೀರಿ?"

"ಬೀಜ ಅಲ್ಲೇ ಅದಾವಲ್ರಿ, ಮಣ್ಣಿನ್ಯಾಗೇ. ಗೋಧಿ ಜೋಡಿ ಅವೂ ಎದ್ದಾವು. ಜಾಗಾ ಇದ್ದೇ ಇರ್ತದ."

ಬಸ್ಸಿನಲ್ಲಿ ಹೇಳುತ್ತಿದ್ದ ಮಾತೇ.

ಅಂದಿನಿಂದ ಅವರು ಘಟದ ಮುಂದೆ ಕುಳಿತರು. ಬೆಳಿಗ್ಗೆ ಸ್ನಾನ ಮುಗಿಸಿ ಚಾಪೆ ಹಾಕಿ ಕುಳಿತರೆ ಊಟಕ್ಕೆ ಏಳುತ್ತಿದ್ದರು, ಮತ್ತೆ ಬಂದು ಕೂಡುತ್ತಿದ್ದರು. ಚಷ್ಮಾ ಹಾಕಿ, ಹಣೆ ಪತ್ರಾವಳಿಗೆ ತಾಗುವಷ್ಟು ಬಗ್ಗಿ, ಗೋಧಿಯ ಮೊಳಕೆಗಳ ನಡುವೆ ಎರಡೆಲೆಯ ಸಣ್ಣ ಸಸಿ ಹುಡುಕುತ್ತಿದ್ದರು. ವೈನಿಗೆ ಅದು ನಮಸ್ಕಾರದಂತೆ ಕಂಡಿತು. ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದರು. "ಬಸ್ಸಿನ್ಯಾಗ ಊದುಬತ್ತಿ ಹಚ್ಚೂದು ಬಿಟ್ರ ದೇವ್ರ ಕಡಿ ನೋಡ್ದೋರಲ್ಲ ಇವ್ರು. ಈಗ ನೋಡ್ರಿ, ಏಳವಲ್ರು." ಮೆಲ್ಲಗೆ ನನ್ನ ಕಿವಿಯಲ್ಲಿ, "ಅಕಿ ಹ್ವಾದಾಗಿಂದ ಇಬ್ಬರೂ ಒಂದ್ ಕಡಿ ಕುಂತಿದ್ದೇ ಇಲ್ಲ ರೀ. ಈಗ ನಾನೂ ಬಾಜೂಕ ಕುಂಡ್ರತೇನಿ" ಅಂದರು. ನನಗೆ ಅಲ್ಲಿಂದ ಎದ್ದು ಓಡಿ ಹೋಗಬೇಕು ಅನಿಸಿತು.

ನಾಲ್ಕೈದು ದಿನ ಕಳೆದ ಮೇಲೆ ಅವರು ಗೋಡೆಯ ಹತ್ತಿರ ಬಂದರು. ಕಣ್ಣು ಕೆಂಪಗಿದ್ದವು.

"ಎದ್ದಾವ್ರಿ. ಒಂದಿಷ್ಟು ಎದ್ದಾವ. ಆದ್ರ ನೀರಿಂದು ಹ್ಯಾಂಗ ಮಾಡ್ಲಿ? ಗೋಧಿಗಿ ನೀರು ಬೇಕು. ಅಷ್ಟ ಹಾಕಿದ್ರ ಇವು ಬುಡದಾಗ ಕೊಳೀತಾವ. ಕಡಿಮಿ ಮಾಡಿದ್ರ ಗೋಧಿ ಬಾಡ್ತದ. ನಿನ್ನಿ ತುದಿ ಜರಾ ಹಳದಿ ಆಗಿತ್ತು, ಅಕಿ ಊಟಾ ಮಾಡ್ಲಿಲ್ಲ. ಅಂಬಾಬಾಯಿ ಇನ್ನೂ ನನ್ನ ಮ್ಯಾಲ ಸಿಟ್ಟ ಅದಾಳ ಅಂತ ಅತ್ತಳು."

ಮಗಳದು ಉಳಿಸಿ ಅನ್ನಲೇ, ಹೆಂಡತಿಯದು ಉಳಿಸಿ ಅನ್ನಲೇ. ಆ ಸಂಜೆ ದೀಪದ ಹೊತ್ತಿಗೆ ನಾನು ಹೋದಾಗ ಅವರೇ ತಂಬಿಗೆ ಹಿಡಿದು ಘಟಕ್ಕೆ ನೀರು ಹಾಕುತ್ತಿದ್ದರು. ಸುತ್ತಲೂ ಹಾಕಿದರು, ಮಣ್ಣು ಪೂರಾ ತೊಯ್ಯುವ ಹಾಗೆ. ವೈನಿ ಪಕ್ಕದಲ್ಲಿ ಕೈ ಮುಗಿದು ನಿಂತಿದ್ದರು.

ದಸರೆಗೆ ಗೋಧಿ ಗೇಣುದ್ದ ಎದ್ದಿತ್ತು. ವೈನಿ ಸಸಿ ಕಿತ್ತು ಗಂಡನ ಟೋಪಿಗೆ ಸಿಕ್ಕಿಸಿದರು, ನನ್ನ ಜಡೆಗೆ ಮುಡಿಸಿದರು, ಓಣಿಗೆಲ್ಲ ಹಂಚಿದರು. ಮಣ್ಣನ್ನು ಬಾವಿಗೆ ಬಿಡಬೇಕು. ತಾನೇ ಬಿಟ್ಟು ಬರುತ್ತೇನೆ ಅಂತ ಪತ್ರಾವಳಿ ಎತ್ತಿಕೊಂಡು ಹೊರಟ ಅವರು ಓಣಿ ಸುತ್ತಿ ನಮ್ಮ ಹಿತ್ತಲಿಗೆ ಬಂದರು. ಟೋಪಿಯಲ್ಲಿ ಗೋಧಿ ಸಸಿ ಹಾಗೇ ಇತ್ತು. ಇಬ್ಬರೂ ನೆಲಕ್ಕೆ ಕುಳಿತು ಆ ಬೇರಿನ ಹೆಣಿಗೆಯನ್ನು ಬಿಡಿಸಿದೆವು. ಬಹಳಷ್ಟು ಕೊಳೆತು ದಾರವಾಗಿದ್ದವು. ಜೀವ ಇದ್ದಂಥವು ಒಂದು ಅಂಗೈ ತುಂಬಲಿಲ್ಲ. ವೈನಿಯ ಕಣ್ಣಿಗೆ ಬೀಳಬಾರದೆಂದು ನಮ್ಮ ಮನೆಯ ಕುಂಡಗಳಲ್ಲೇ ನೆಟ್ಟರು. ಒಂದೊಂದಾಗಿ ಮಲಗಿದವು. ಒಂದು ಮಾತ್ರ ನಿಂತಿತು.

ಆ ಒಂದು ಗಿಡವನ್ನು ಅವರು ಹೇಗೆ ನೋಡಿಕೊಂಡರು ಅಂತ ಬರೆಯಲು ಹೋದರೆ ನನಗೇ ನಾಚಿಕೆಯಾಗುತ್ತದೆ, ಕೂಸನ್ನೂ ಯಾರೂ ಹಾಗೆ ನೋಡಲಿಕ್ಕಿಲ್ಲ. ಬಿಸಿಲು ಸರಿದಂತೆ ಕುಂಡ ಸರಿಸುತ್ತಿದ್ದರು. ಮೊಗ್ಗು ಕಟ್ಟಿದ ಮೇಲೆ ದಿನಾ ಬಂದು ಹಸಿರು ಮುಚ್ಚಳದ ಸಂದಿಯಲ್ಲಿ ಬಣ್ಣ ಹುಡುಕುತ್ತಿದ್ದರು. "ಅಕಿದೇ ಅನಸ್ತದ್ರಿ, ಜರಾ ಕೆಂಪು ಕಾಣ್ಲತ್ತದ" ಅನ್ನುತ್ತಿದ್ದರು. ನನಗೂ ಹಾಗೇ ಕಾಣುತ್ತಿತ್ತು.

ಅರಳಿದ ಬೆಳಿಗ್ಗೆ ಅವರು ನನ್ನನ್ನು ಕರೆಯಲಿಲ್ಲ. ನಾನೇ ಹೊರಗೆ ಬಂದೆ. ಹೂ ನೇರಳೆ. ಮಾರುಕಟ್ಟೆಯಲ್ಲಿ ಮೊಳದ ಲೆಕ್ಕದಲ್ಲಿ ಮಾರುವ ನೇರಳೆ.

"ಇರಲಿ ಬಿಡಿ, ಇದರ ಬೀಜ ಹಾಕಿ ನೋಡೋಣ, ಮುಂದೆ ಒಂದಾದರೂ ತಿರುಗಿ ಬರಬಹುದು" ಎಂದೆ.

"ಬರ್ತದೇನ್ರಿ?"

"ನನಗೆ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ. ಅಕಿಗಿ ಗೊತ್ತಿತ್ತು." ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತರು. "ಅಕಿ ಹೇಳಿದ್ದು ನನಗ ತಿಳಿದಿದ್ದು ಒಂದೇ ಮಾತು. ತಪ್ಪು ಬಣ್ಣ ಕಂಡ್ರ ಅವತ್ತೇ ಕೀಳಬೇಕು. ಇಷ್ಟು ವರ್ಷ ಒಂದೂ ಬಿಟ್ಟಿಲ್ಲ ನಾ. ಈಗ ಬಿಟ್ರ ಹಿಂದ ಕಿತ್ತವೆಲ್ಲಾ ಯಾಕ ಕಿತ್ತೆ ಅಂತ ಕೇಳ್ಯಾವು."

ಬುಡ ಹಿಡಿದು ಕಿತ್ತರು. ಬೇರಿಗೆ ಹತ್ತಿದ ಮಣ್ಣನ್ನು ಮತ್ತೆ ಕುಂಡಕ್ಕೇ ಕೊಡವಿದರು. ಹೂವನ್ನು ಜೇಬಿನಲ್ಲಿ ಇಟ್ಟುಕೊಂಡು ಮನೆಗೆ ಹೋದರು. ಸಂಜೆ ವೈನಿ ಅದನ್ನು ಮುಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. "ನಿಮ್ಮ ಮನ್ಯಾಗ ಅರಳಿತ್ತಂತಲ್ರಿ, ಇವ್ರು ತಂದು ಕೊಟ್ರು" ಅಂದು ನಾಚಿಕೊಂಡರು. ನಾನು ಹೌದು ಅಂದೆ.

ಅಲ್ಲಿಗೆ ಬಿಡಬಹುದಿತ್ತು, ಬಿಡಲಿಲ್ಲ ಅವರು. ಹಿಂದೆ ಒಂದೆರಡು ವರ್ಷ ಉಳಿದ ಬೀಜವನ್ನು ಬಸ್ಸಿನ ಮಂದಿಗೆ ಹಂಚಿದ್ದರು. ಯಾರ ಅಂಗಳದಲ್ಲಾದರೂ ಇದ್ದೀತು ಅಂತ ಊರೂರು ತಿರುಗತೊಡಗಿದರು. ಭಾಲ್ಕಿಯ ಕಡೆಯ ಊರುಗಳಲ್ಲಿ ನಾನೂ ಜೊತೆಗೆ ಹೋಗಿ ಕೇಳಿದೆ. ಒಂದು ಭಾನುವಾರ ಔರಾದದ ಆಚೆ, ಅವರ ಊರು ಚಿಂತಾಕಿಗೇ ಹೋದೆವು. ಅವರ ದಾಯಾದಿಗಳ ಮನೆಯ ಹೆಣ್ಣುಮಗಳು ಕುರಿಮರಿಗೆ ಸೊಪ್ಪು ಹಾಕುತ್ತ ಮಾತಾಡಿದಳು.

"ಬಂದಿತ್ತು ನೋಡ್ರಿ ಕಾಕಾ, ಭಾಳ ಛಲೋ ಬಂದಿತ್ತು. ನೋಡ್ಲಿಕ್ಕಿ ಮಂದಿ ಬರ್ತಿದ್ರು."

"ಬೀಜ ಹಿಡಿದಿಟ್ಟೀದೇನವ್ವಾ?"

"ಒಣಗಿತು, ಕಿತ್ತು ಮರಿಗಳ ಮುಂದ ಹಾಕ್ದೆ. ನೀವು ಮತ್ತ ಕೊಡ್ತೀರಂತ ತಿಳ್ಕೊಂಡಿದ್ದೆ."

ಅವರು ತಲೆ ಆಡಿಸಿದರು. ತಿರುಗಿ ಬರುವಾಗ ಬಸ್ಸು ಕಿಕ್ಕಿರಿದಿತ್ತು. ಹೊಸ ಹುರುಪಿನ ಕಂಡಕ್ಟರ್ ಒಳಗೆ ಸರೀರಿ ಅಂತ ಕೂಗುತ್ತಿದ್ದ. ಇವರು ಬಾಗಿಲ ಹತ್ತಿರವೇ ಕಂಬಿ ಹಿಡಿದು ನಿಂತರು, ಒಳಗೆ ಸರಿಯಲಿಲ್ಲ.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಔರಾದ ಬಸ್ಸಿನಿಂದ ಇಳಿದು ಮನೆಗೆ ಬಂದು, ನೀರು ಕೇಳಿ, ನೀರು ಬರುವುದರೊಳಗೆ ಹೋದರು.

ನಿನ್ನೆ ವೈನಿ ನಮ್ಮ ಮನೆಗೆ ಬಂದರು, ಕೈಯಲ್ಲಿ ಖಾಲಿ ತಾಟು.

"ಫರಸಿ ಹಾಕ್ಸಿ ತಪ್ಪು ಮಾಡ್ದೆ ನೋಡ್ರಿ ಮೇಡಂ. ಅಂಗಳ ಖಾಲಿ ಕಾಣ್ತಿತ್ತು, ನೋಡ್ಲಿಕ್ಕಿ ಆಗ್ಲಿಲ್ಲ. ಈಗ ಘಟಕ್ಕ ಮಣ್ಣೇ ಇಲ್ಲ. ವರ್ಷ ತುಂಬಿಲ್ಲ, ಕೂಡಿಸಬಾರ್ದು ಅಂತಾರ ಮಂದಿ. ಅನ್ನಲಿ. ಅವ್ರು ಒಂಬತ್ ದಿನ ಕುಂತ ಜಾಗಾ ಅದು, ಖಾಲಿ ಬಿಡಲ್ಲ ನಾ." ಆಮೇಲೆ ತಾಟನ್ನು ಈ ಕೈಯಿಂದ ಆ ಕೈಗೆ ಬದಲಿಸಿ, "ಏನ್ ಬೇಡ್ಕೊಂಡ್ರೋ ಏನೋ ಅಷ್ಟು ಬಗ್ಗಿ. ನಿಮ್ಮ ಮುಂದ ಹೇಳಿದ್ರೇನ್ರಿ?" ಅಂದರು.

"ನಿಮ್ಮನ್ನೇ ಬೇಡಿಕೊಂಡರು ವೈನಿ. ನೀವು ಚೆನ್ನಾಗಿರಲಿ ಅಂತ."

"ಹೌದಾ" ಅಂದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ನಾನು ಹಿತ್ತಲಿಗೆ ಹೋದೆ. ಒಳ್ಳೆಯ ಮಣ್ಣು ಇದ್ದದ್ದು ಅವರು ಕೊನೆಯ ಆಸ್ಟರ್ ಕಿತ್ತ ಆ ಒಂದೇ ಕುಂಡದಲ್ಲಿ. ಅದನ್ನು ಬೋರಲು ಹಾಕಿ, ಹೆಂಟೆ ಒಡೆದು, ಜರಡಿ ಹಿಡಿದೆ. ಒಂದು ಬೀಜವೂ ಸಿಗಲಿಲ್ಲ, ಸಿಗುವಂಥದ್ದು ಇರಲೂ ಇಲ್ಲ. ಜರಡಿಗೆ ಮತ್ತೆ ಹಾಕಿದೆ. ವೈನಿ ಬಾಗಿಲಲ್ಲಿ ತಾಟು ಹಿಡಿದು ನಿಂತಿದ್ದರು.

"ಸಾಕ್ರಿ ಮೇಡಂ, ಹಸನ ಆಗ್ಯದ" ಅಂದರು.

"ಒಂದೇ ಸಲ ರೀ" ಎಂದು ಮತ್ತೊಮ್ಮೆ ಹಿಡಿದೆ.